ಬೆಳ್ಳಿ ಚಮಚ ಹೇಳಿದ ಚಾಡಿ

“ಮೊಟ್ಟೆ ತಿಂದದ್ದು ಯಾರು ಮಾರಾಯ್ತಿ?” ಎನ್ನುತ್ತ ಅತ್ತೆ ಬೆಳ್ಳಿ ಚಮಚವನ್ನು ನನ್ನ ಮೂಗಿನ ಮುಂದೆ ಹಿಡಿದರು. ಅವರು ತವರಿನಿಂದ ತಂದ ಚಮಚ. ಬೆಳಿಗ್ಗೆ ಫಳಫಳ ಹೊಳೆಯುತ್ತಿದ್ದದ್ದು ಈಗ ಕಾಡಿಗೆ ಬಳಿದಂತೆ ಕಪ್ಪಾಗಿತ್ತು.

ಚೆಂಬೂರಿನ ನಮ್ಮ ಫ್ಲ್ಯಾಟಿನೊಳಗೆ ಈರುಳ್ಳಿ ಕೂಡ ವಾರ ನೋಡಿಕೊಂಡೇ ಬರಬೇಕು. ಆದರೆ ನಾನು ಐದು ತಿಂಗಳ ಬಸುರಿ, ಡಾಕ್ಟರು ಮೊಟ್ಟೆ ತಿನ್ನಲೇಬೇಕು ಎಂದಿದ್ದರು. ಅತ್ತೆ ಭಜನೆಗೆ ಹೋದ ಹೊತ್ತು ನೋಡಿ ಪಕ್ಕದ ಮನೆಯ ಮರಾಠಿ ಗೆಳತಿ ಒಂದನ್ನು ಬೇಯಿಸಿ ತಂದುಕೊಟ್ಟಳು. ಕೈಯಲ್ಲಿ ಮುಟ್ಟಲು ಹೇಸಿಗೆ, ಅಡುಗೆಮನೆಯ ಸ್ಟೀಲ್ ಚಮಚಕ್ಕೆ ತಾಗಿಸಲು ಹೆದರಿಕೆ. ಬೆಳ್ಳಿಗೆ ಮೈಲಿಗೆಯಿಲ್ಲ ಎಂದು ಅಜ್ಜಿ ಹೇಳಿದ್ದು ನೆನಪಾಗಿ ಇದನ್ನು ತೆಗೆದುಕೊಂಡೆ. ತಿಂದು, ತೊಳೆದು, ಅದರ ಜಾಗದಲ್ಲೇ ಇಟ್ಟೆ. ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ಹೇಳಲು, ಪಾಪ, ಅಜ್ಜಿ ಮೊಟ್ಟೆ ತಿಂದವರಲ್ಲ.

ಅಳುವುದೊಂದೇ ಬಾಕಿ. ಆದರೂ ಒಂದು ಸಂಶಯ ಬಾಯಿಗೆ ಬಂದೇಬಿಟ್ಟಿತು. “ಮೊಟ್ಟೆಯೇ ಅಂತ ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?”

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ ನನಗೂ ಡಾಕ್ಟ್ರು ಹೇಳಿದ್ರು. ನಾನೂ ಬೆಳ್ಳಿಗೆ ಮೈಲಿಗೆ ಇಲ್ಲ ಅಂತ ಇದನ್ನೇ ತೆಗೊಂಡದ್ದು. ಟೂತ್‌ಪೇಸ್ಟ್ ಹಾಕಿ ತಿಕ್ಕು, ಹೋಗ್ತದೆ.”

ಈಗ ಬಾಲ್ಕನಿಯ ವಾಷಿಂಗ್ ಮೆಷಿನ್ ಹಿಂದೆ ಒಂದು ಡಬ್ಬಿಯಿದೆ. ಅದರಲ್ಲಿ ನಾನು ಬಚ್ಚಿಟ್ಟದ್ದು ಒಂದೇ ಒಂದು ಸ್ಟೀಲ್ ಚಮಚ. ಮೊನ್ನೆ ತೆರೆದು ನೋಡಿದರೆ ಎರಡಿದ್ದವು.