ನನ್ನ ಹೆಸರಿನಲ್ಲಿ ಕಣಕ್ಕಿಳಿದ ಎತ್ತುಗಳು

ಆಗ ನನಗೆ ಅರವತ್ತೆರಡು ವರ್ಷ. ಇದು ಹನ್ನೊಂದು ವರ್ಷದ ಹಿಂದಿನ ಮಾತು. ಹೊಸ ರಾಜ್ಯ ಬಂದು ಏಳೆಂಟು ತಿಂಗಳಾಗಿತ್ತು. ನಮ್ಮೂರು ಮಕ್ತಲ್‌ನಲ್ಲಿ ಪಟಾಕಿ ಹೊಡೆದು ಮುಗಿಸಿದ್ದರು. ಹೊಸ ಗಾಡಿಗಳ ನಂಬರಿನ ಮುಂದಿನ ಅಕ್ಷರ ಬದಲಾಗಿತ್ತು. ಉಳಿದದ್ದೇನೂ ಬದಲಾದಂತೆ ನನ್ನ ಕಣ್ಣಿಗೆ ಕಾಣಲಿಲ್ಲ, ಕಲ್ಲೆಳೆಯುವ ಪಂದ್ಯವೊಂದನ್ನು ಬಿಟ್ಟರೆ.

ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ಬಂಡೆಗಲ್ಲಿಗೆ ಸರಪಳಿ ಹಾಕಿ ಎತ್ತಿನ ನೊಗಕ್ಕೆ ಕಟ್ಟುತ್ತಾರೆ. ಕಣದ ಈ ತುದಿಯಿಂದ ಆ ತುದಿಗೆ ಎಳೆಯಬೇಕು, ಅಲ್ಲಿ ತಿರುಗಿಸಿಕೊಂಡು ಮತ್ತೆ ಈ ತುದಿಗೆ. ಗೊತ್ತುಮಾಡಿದ ನಿಮಿಷಗಳು ಮುಗಿಯುವಷ್ಟರಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆದಿರುತ್ತದೋ ಅದು ಗೆದ್ದಂತೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಇದರ ಹಂಗಾಮು. ಒಂದು ವಾರ ಮಕ್ತಲ್, ಇನ್ನೊಂದು ವಾರ ಶಾಂತಿನಗರ, ಆಮೇಲೆ ಗಟ್ಟು, ಕೊನೆಗೆ ಗದ್ವಾಲ.

ನನ್ನ ಹತ್ತಿರ ಎತ್ತಿರಲಿಲ್ಲ, ಒಂದು ಎಮ್ಮೆ ಇತ್ತು. ಗಂಡ ಸತ್ತ ಮೇಲೆ ಎರಡೆಕರೆ ಹೊಲವನ್ನು ಪಾಲಿಗೆ ಕೊಟ್ಟಿದ್ದೆ. ಪಂದ್ಯ ಎಲ್ಲಿದ್ದರೂ ಬಸ್ಸು ಹತ್ತಿ ಹೋಗುತ್ತಿದ್ದೆ. ಹೆಂಗಸರು ಅಲ್ಲಿಗೆ ಹೋಗುವುದು ಕಡಿಮೆ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ, ಹೋದೆ. ಹಗ್ಗದ ಹತ್ತಿರವೇ ಕೂರುತ್ತಿದ್ದೆ. ದೂರ ಕೂತವರಿಗೆ ಎತ್ತು ಕಾಣುತ್ತದೆ, ಮೋಸ ಕಾಣುವುದಿಲ್ಲ.

ಮೋಸ ಎಲ್ಲ ಕಡೆಯೂ ಇತ್ತು. ಮಕ್ತಲ್‌ನಲ್ಲಿ ನೀರಿನ ಟ್ಯಾಂಕರಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಧೂಳು ಏಳದಿರಲೆಂದು ಕಣಕ್ಕೆ ನೀರು ಹೊಡೆಯುತ್ತೇವೆ ಎನ್ನುತ್ತಿದ್ದರು. ಹೊಡೆಯಲಿ. ಆದರೆ ಕಮಿಟಿಯವನೊಬ್ಬನ ಅಳಿಯನ ಜೋಡಿ ಇಳಿಯುವ ಮೊದಲೇ ಅಷ್ಟು ಧೂಳು ಏಳುವುದು ಹೇಗೆ? ತೆಳ್ಳಗೆ ನೀರು ಬಿದ್ದ ನೆಲದ ಮೇಲೆ ಕಲ್ಲು ಜಾರುತ್ತದೆ, ಒಣ ಗರಸಿನ ಮೇಲೆ ಕಚ್ಚಿ ಹಿಡಿಯುತ್ತದೆ. ಶಾಂತಿನಗರದಲ್ಲಿ ಟೈಮು ನೋಡುವವನು ತನಗೆ ಬೇಕಾದವರ ಎತ್ತು ತಿರುಗುವಾಗೆಲ್ಲ ಮೊಬೈಲಿನ ಮೇಲೆ ಹೆಬ್ಬೆರಳು ಇಟ್ಟು ಗಡಿಯಾರ ನಿಲ್ಲಿಸುತ್ತಿದ್ದ. ನಾನು ಬಾಯಲ್ಲಿ ಎಣಿಸುತ್ತಿದ್ದೆ. ಅವನ ಹತ್ತು ನಿಮಿಷವೂ ನನ್ನ ಹತ್ತು ನಿಮಿಷವೂ ಒಂದೇ ಆಗಿರಲಿಲ್ಲ. ಎತ್ತಿಗೆ ಸಾರಾಯಿ ಕುಡಿಸಿ ತರುವವರೂ ಇದ್ದರು. ಹತ್ತಿರ ಹೋಗಿ ಮೂಸಿ ನೋಡಿದ್ದೇನೆ.

ಮೈಕಿನವರನ್ನಂತೂ ಕೇಳಲೇಬೇಡಿ. ಕೊಂಬಿಗೆ ಬಣ್ಣ ಬಳಿದು ಬಂದ ಎತ್ತನ್ನೆಲ್ಲ ಹುಲಿ ಎಂದು ಕೂಗುವರು. ನನ್ನನ್ನು ಕೇಳಿದರೆ ಆ ವರ್ಷದ ಜೋಡಿ ಎಂದರೆ ಗಟ್ಟುವಿನ ಕುರುಬನೊಬ್ಬನದು. ಒಂದು ಕಪ್ಪು, ಇನ್ನೊಂದು ಕಂದು, ಎತ್ತರದಲ್ಲಿ ನಾಲ್ಕು ಬೆರಳು ಹೆಚ್ಚುಕಡಿಮೆ. ನೋಡಲು ಚಂದವಿಲ್ಲ. ಬೀರಪ್ಪನ ಭಂಡಾರದ ಅರಿಶಿನವನ್ನು ಎತ್ತಿನ ಹಣೆಗೆ ಹಚ್ಚಿ ಇಳಿಸುತ್ತಿದ್ದ, ಬಾರುಕೋಲು ಎತ್ತುತ್ತಿರಲಿಲ್ಲ. ಅವನ ಮೇಲೂ ನನಗೆ ಮೊದಲು ಅನುಮಾನವೇ ಇತ್ತು. ಮೂರು ಪಂದ್ಯ ನೋಡಿದ ಮೇಲೆ ಬಿಟ್ಟೆ.

ಆ ವರ್ಷ ಕಮಿಟಿಗಳು ಒಂದು ಹೊಸ ಪದ್ಧತಿ ತಂದವು. ಮೊದಲೆಲ್ಲ ತುಂಗಭದ್ರೆಯ ಆಚೆಯ ಕರ್ನೂಲು ಕಡೆಯವರು, ಕೃಷ್ಣೆಯ ಆಚೆಯ ರಾಯಚೂರು ಕಡೆಯವರು, ನಮ್ಮವರು ಎಲ್ಲರೂ ಒಂದೇ ಕಣದಲ್ಲಿ ಎಳೆಯುತ್ತಿದ್ದರು. ಕರ್ನೂಲು ಕಡೆಯ ಎತ್ತುಗಳು ಆನೆಯಂಥವು, ಬಹುಮಾನವೆಲ್ಲ ಅವಕ್ಕೇ ಹೋಗುತ್ತಿತ್ತು. ಈಗ ನಮ್ಮದೇ ರಾಜ್ಯ ಬಂದಿದೆ, ನಮ್ಮ ರಾಜ್ಯದವರ ಎತ್ತುಗಳಿಗೆ ಬೇರೆ ಪಂದ್ಯ ಎಂದರು. ಆಧಾರ್ ಕಾರ್ಡಿನ ನಕಲು ಕೊಟ್ಟರೆ ಹೆಸರು ಬರೆದುಕೊಳ್ಳುತ್ತಿದ್ದರು. ಕಾರ್ಡು ಎತ್ತಿನದಲ್ಲ, ಮನುಷ್ಯನದು. ಇದರಲ್ಲಿ ಏನು ನಡೆಯುತ್ತದೆ ಎಂದು ನನಗೆ ಅವತ್ತೇ ಗೊತ್ತಾಯಿತು.

ಗಟ್ಟುವಿನಲ್ಲಿ ಹಿಡಿದೆ. ಶಾಂತಿನಗರದ ಬೀಜದ ವ್ಯಾಪಾರಿಯೊಬ್ಬ ಬಿಳಿ ಜೋಡಿಯೊಂದನ್ನು ತನ್ನದೆಂದು ಇಳಿಸಿದ್ದ. ಬಲಗಡೆಯ ಎತ್ತಿನ ಬೆನ್ನ ಸುಳಿ ನಡುವಿನಲ್ಲಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಹಿಂದಿನ ವರ್ಷ ಇದೇ ಸುಳಿಯ ಎತ್ತನ್ನು ಕರ್ನೂಲು ಕಡೆಯವನೊಬ್ಬ ಹಿಡಿದಿದ್ದನ್ನು ನಾನು ಕಂಡಿದ್ದೆ. ಎದ್ದು ನಿಂತು ಹೇಳಿದೆ.

"ಏ ಸಾವ್ಕಾರಾ, ಈ ಎತ್ತು ಹೋದ ವರ್ಷ ನದಿ ಆಚಿಗಿತ್ತು. ಈಜಿ ಬಂತೋ, ಬಸ್ಸಿಗೆ ಬಂತೋ?"

ಜನ ನಕ್ಕರು. ಅವನು ಕೊಂಡೆನೆಂದ. ಯಾವಾಗ, ಯಾರ ಮುಂದೆ ಎಂದು ಕಮಿಟಿಯವರು ಕೇಳಿದರು. ಕೊನೆಗೆ ಹೆಂಡತಿಯ ಅಣ್ಣನದು ಎಂದು ಒಪ್ಪಿಕೊಂಡ. ಜೋಡಿಯನ್ನು ಹೊರಗೆ ಹಾಕಿದರು. ನನಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಒಂದು ವಾರ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಹೇಳಿಕೊಂಡು ತಿರುಗಿದೆ.

ಇನ್ನು ನನ್ನ ತಮ್ಮನ ವಿಷಯ. ಕೃಷ್ಣಾ ಸೇತುವೆ ದಾಟಿದರೆ ನನ್ನ ತವರು, ರಾಯಚೂರು ಕಡೆಯ ಹಳ್ಳಿ. ತಮ್ಮನಿಗೆ ಒಂದು ಜೋಡಿ ಇತ್ತು. ಎಡಗಡೆಯ ಎತ್ತನ್ನು ಕರುವಿನಿಂದ ಸಾಕಿದ್ದ. ನಮ್ಮಪ್ಪನ ಕಾಲದಿಂದ ನಮ್ಮ ತವರಿನವರು ನದಿ ದಾಟಿ ಈ ಕಡೆ ಪಂದ್ಯಕ್ಕೆ ಬರುವವರು, ಒಂದು ಸಲವೂ ಬಹುಮಾನ ಕಂಡವರಲ್ಲ. ಕರ್ನೂಲಿನ ಆನೆಗಳ ಮುಂದೆ ಐದನೆಯದೋ ಆರನೆಯದೋ ಆಗುತ್ತಿದ್ದರು. ಆ ವರ್ಷ ಎಡಗಡೆಯ ಎತ್ತಿನ ಮೊಣಕಾಲು ಸೋಲುತ್ತ ಬಂದಿತ್ತು. ಗದ್ವಾಲದ್ದೇ ಅದರ ಕೊನೆಯ ಪಂದ್ಯ, ಆಮೇಲೆ ನೊಗ ಮುಟ್ಟಿಸುವುದಿಲ್ಲ ಎಂದು ತಮ್ಮ ಎಲ್ಲರಿಗೂ ಹೇಳಿದ್ದ. ಒಂದು ಸಲ ಗೆಲ್ಲಬೇಕು, ಅಷ್ಟೇ ಅವನ ಆಸೆ.

ಗದ್ವಾಲದ ಪಂದ್ಯಕ್ಕೆ ಹತ್ತು ದಿನ ಇರುವಾಗ ತಮ್ಮ ನನ್ನ ಮನೆಗೆ ಬಂದ. ಟೀ ಕುಡಿದ. ಆಮೇಲೆ ಕಾರ್ಡು ಕೇಳಿದ.

"ಯಕ್ಕಾ, ನಿನ್ನ ಆಧಾರ್ ಕಾರ್ಡ್ ಕೊಡು, ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ."

"ಯಾಕ?"

"ಎತ್ತಿನ ವಿಮಾ ಮಾಡಾಕ. ಸಾಕ್ಷಿ ಬೇಕಂತ."

"ನಿಮ್ಮೂರಾಗ ಸಾಕ್ಷಿ ಸಿಗಲಿಲ್ಲೇನು? ಹೊಳಿ ದಾಟಿ ಬಂದೆ."

"ಅಕ್ಕನಕಿಂತ ನಂಬಿಕಿ ಸಾಕ್ಷಿ ಯಾರದಾರ?"

ಇಷ್ಟು ಸಿಹಿ ಮಾತು ಅವನ ಬಾಯಲ್ಲಿ ಬಂದಾಗಲೇ ನನಗೆ ಅನುಮಾನ ಬಂತು. ಆದರೂ ಕೊಟ್ಟೆ. ಒಂದು ಕಾಗದವನ್ನೂ ಮುಂದಿಟ್ಟ, ತೆಲುಗಿನಲ್ಲಿತ್ತು. ನಾನು ಓದಿದ್ದು ತವರಿನ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿವರೆಗೆ. ತೆಲುಗು ಮಾತಾಡುತ್ತೇನೆ, ಓದಲು ಬರುವುದಿಲ್ಲ. ಕನ್ನಡದಲ್ಲಿ ಸಹಿ ಮಾಡಿದೆ. ಅವನು ಹೋದ ಮರುಗಳಿಗೆಯೇ ನನಗೆ ಹೊಲದ ಯೋಚನೆ ಹತ್ತಿತು. ಮರುದಿನ ತಹಶೀಲು ಕಚೇರಿಗೆ ಹೋಗಿ ಪಹಣಿ ತೆಗೆಸಿ ನೋಡಿಸಿದೆ. ಎರಡೆಕರೆ ನನ್ನ ಹೆಸರಿನಲ್ಲೇ ಇತ್ತು. ಮತ್ತೆ ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡಿಸಿದೆ. ಅಲ್ಲಿನ ಗುಮಾಸ್ತ, "ಯಮ್ಮಾ, ಹೊಲ ಓಡಿಹೋಗಂಗಿಲ್ರಿ," ಎಂದ. ಹೊಲ ಓಡುವುದಿಲ್ಲ, ಹೆಸರು ಓಡುತ್ತದೆ ಎಂದು ಹೇಳಿ ಬಂದೆ.

ಗದ್ವಾಲದ ದಿನ ಬೇಗನೆ ಹೋಗಿ ಹಗ್ಗದ ಹತ್ತಿರ ಜಾಗ ಹಿಡಿದೆ. ನಾರಾಯಣಪೇಟೆಯ ಸೀರೆ ಉಟ್ಟಿದ್ದೆ. ಸೆರಗಿನಲ್ಲಿ ಹುರಿದ ಶೇಂಗಾ ಇತ್ತು. ನಮ್ಮ ರಾಜ್ಯದವರ ಪಂದ್ಯ ಶುರುವಾಯಿತು. ಮೂರು ಜೋಡಿ ಎಳೆದು ಹೋದವು. ಗಟ್ಟುವಿನ ಕುರುಬನ ಜೋಡಿ ಎಲ್ಲರಿಗಿಂತ ಮುಂದಿತ್ತು. ಆಗ ಮೈಕಿನವನು ಮುಂದಿನ ಜೋಡಿಯ ಮಾಲೀಕರ ಹೆಸರು ಕೂಗಿದ. ನನ್ನ ಹೆಸರು. ಇನ್ನಾವಳೋ ಅದೇ ಹೆಸರಿನವಳಿರಬೇಕು ಅಂದುಕೊಂಡೆ. ಅವನು ನನ್ನ ಗಂಡನ ಹೆಸರನ್ನೂ ಸೇರಿಸಿ, ಮಕ್ತಲ್ ಎಂದ. ಬಾಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಕಣದ ಆ ತುದಿಯಿಂದ ತಮ್ಮ ತನ್ನ ಜೋಡಿಯನ್ನು ಹೊಡೆದುಕೊಂಡು ಬರುತ್ತಿದ್ದ.

ಹಗ್ಗದ ಆಚೆ ಶಾಂತಿನಗರದ ವ್ಯಾಪಾರಿ ಇದ್ದ. ನನ್ನನ್ನು ಕಂಡ. ಅವನ ಮುಖ ಅರಳಿತು.

"ಮಾಸ್ತರೇ," ಎಂದು ಅವನು ಕಮಿಟಿಯ ಹಿರಿಯನನ್ನು ಕೂಗಿದ. "ಮಾಲೀಕರು ಇಲ್ಲೇ ಕುಂತಾರ. ಶೇಂಗಾ ತಿನ್ನಾಕತ್ಯಾರ. ಕೇಳ್ರಿ ಅವರನ್ನ."

ಆ ಹಿರಿಯ ಶಾಲೆಯಿಂದ ನಿವೃತ್ತನಾದ ಮಾಸ್ತರ. ಸೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದ. ನನ್ನನ್ನು ಕಣದೊಳಗೆ ಕರೆದ. ಹೋದೆ. ಅವನು ಕನ್ನಡ, ತೆಲುಗು ಎರಡನ್ನೂ ಕಲೆಸಿ ಮಾತಾಡುವವನು, ಆದರೆ ಪ್ರಶ್ನೆ ಸರಳವಾಗಿತ್ತು.

"ಯಮ್ಮಾ, ಈ ಎತ್ತು ನಿಮ್ಮವೇನ್ರಿ?"

ಇಲ್ಲ ಎಂದರೆ ತಮ್ಮನ ಎತ್ತು ಅಲ್ಲೇ ನಿಲ್ಲುತ್ತದೆ. ಕೊನೆಯ ಪಂದ್ಯವೂ ಇಲ್ಲ, ಬಹುಮಾನವೂ ಇಲ್ಲ. ಹೌದು ಎಂದರೆ ಗಟ್ಟುವಿನಲ್ಲಿ ನಾನು ಯಾವುದನ್ನು ಮೋಸ ಎಂದು ಕೂಗಿದ್ದೆನೋ ಅದನ್ನೇ ನಾನು ಮಾಡಿದಂತೆ. ತಮ್ಮ ನನ್ನ ಕಡೆ ನೋಡಲಿಲ್ಲ, ಎತ್ತಿನ ಕೊಂಬು ಒರೆಸುತ್ತ ನಿಂತಿದ್ದ. ನೋಡಿದ್ದರೆ, ಕಣ್ಣಲ್ಲಿ ಬೇಡಿದ್ದರೆ, ಇಲ್ಲ ಅಂದುಬಿಡುತ್ತಿದ್ದೆನೇನೋ.

"ನನ್ನವು," ಎಂದೆ.

"ಸುಳಿ ನೋಡ್ಕೊಂಡ್ರೇನ್ರಿ?" ಎಂದ ವ್ಯಾಪಾರಿ. ಎಲ್ಲರೂ ನಕ್ಕರು.

ಮಾಸ್ತರ ನಗಲಿಲ್ಲ. "ನಿಮ್ಮವಾದರ ಮೂಗುದಾರ ಹಿಡಕೊಂಡು ಗೆರಿತನಕ ತಂದು ನಿಲ್ಲಸ್ರಿ. ಬ್ಯಾರೆ ಏನೂ ಕೇಳಂಗಿಲ್ಲ," ಎಂದ.

ಕಲ್ಲು ಕಟ್ಟುವ ಗೆರೆ ಇಪ್ಪತ್ತು ಹೆಜ್ಜೆ ದೂರವಿತ್ತು. ಮೂಗುದಾರ ಹಿಡಿದೆ. ಬಲಗಡೆಯದು ಸುಮ್ಮನಿತ್ತು. ಎಡಗಡೆಯದು ನನ್ನ ಸೀರೆಯನ್ನು ಒಮ್ಮೆ ಮೂಸಿತು, ತಲೆ ಝಾಡಿಸಿತು, ಜೋಡಿಯನ್ನೂ ಎಳೆದುಕೊಂಡು ಪಕ್ಕಕ್ಕೆ ನುಗ್ಗಿತು. ನಾನು ಹಗ್ಗ ಬಿಡಲಿಲ್ಲ, ಬಿಡಬೇಕಿತ್ತು. ಮೊಣಕಾಲೂರಿ ಬಿದ್ದೆ. ಗೊರಸು ನನ್ನ ಕೈಯ ಪಕ್ಕದಲ್ಲೇ ಬಿತ್ತು.

"ಹೋ, ಹೋ, ನಿಂದ್ರಪಾ, ನಿಂದ್ರು." ತಮ್ಮನ ದನಿ. ಕೂಗಿದ್ದಲ್ಲ, ಮನೆಯಲ್ಲಿ ಮಕ್ಕಳಿಗೆ ಹೇಳಿದ ಹಾಗೆ. ಎರಡೂ ಎತ್ತು ನೆಟ್ಟಗೆ ನಿಂತುಬಿಟ್ಟವು.

ಆಮೇಲೆ ಯಾರನ್ನೂ ಏನೂ ಕೇಳುವ ಅಗತ್ಯ ಉಳಿಯಲಿಲ್ಲ. ಅವನು ಸುಮ್ಮನಿದ್ದಿದ್ದರೆ ಇನ್ನೂ ಯಾರಾದರೂ ವಾದಿಸಬಹುದಿತ್ತು, ಮುದುಕಿಗೆ ಎತ್ತು ಮಣಿಯದು ಎಂದು. ಆದರೆ ನನ್ನ ಕೈ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾಸ್ತರ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದ. ವ್ಯಾಪಾರಿ ಇನ್ನೇನೋ ಹೇಳಲು ಬಾಯಿ ತೆರೆದ. "ನೀ ಗಟ್ಟುದಾಗ ಮಾಡಿದ್ದು ಇದನ್ನ, ಸುಮ್ಕಿರು," ಎಂದು ಮಾಸ್ತರ ಅವನ ಬಾಯಿ ಮುಚ್ಚಿಸಿದ. ತಮ್ಮನಿಗೆ, ಬಂದ ಎತ್ತನ್ನು ಹಾಗೇ ಕಳಿಸುವುದಿಲ್ಲ, ಎಲ್ಲರೂ ಎಳೆದಾದ ಮೇಲೆ ಒಂದು ಸಲ ಎಳಿ, ಬಹುಮಾನಕ್ಕೆ ಲೆಕ್ಕವಿಲ್ಲ ಎಂದ.

ಮಧ್ಯಾಹ್ನ ತಿರುಗಿದ ಮೇಲೆ ತಮ್ಮ ಇಳಿದ. ಅರ್ಧ ಜನ ಎದ್ದು ಹೋಗಿದ್ದರು, ಮೈಕು ಸುಮ್ಮನಿತ್ತು. ನಾನು ಹಗ್ಗದ ಹತ್ತಿರ ಕೂತು ಎಣಿಸಿದೆ. ಚೆನ್ನಾಗಿಯೇ ಎಳೆದವು. ಎಡಗಡೆಯದು ನಾಲ್ಕನೆಯ ತಿರುವಿನಲ್ಲಿ ಒಮ್ಮೆ ಮೊಣಕಾಲೂರಿತು, ಎದ್ದಿತು, ಮತ್ತೆ ಎಳೆಯಿತು. ಸೀಟಿ ಬಿದ್ದಾಗ ಕಲ್ಲು ಎಲ್ಲಿ ನಿಂತಿತೆಂದು ನಾನೇ ಹೋಗಿ ಗುರುತು ನೋಡಿ ಬಂದೆ. ಅವತ್ತಿನ ಮೊದಲ ಬಹುಮಾನ ಗಟ್ಟುವಿನ ಕುರುಬನದು. ಅದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ವಾಪಸು ಬರುವಾಗ ಎತ್ತಿನ ಟೆಂಪೋದಲ್ಲಿ ಡ್ರೈವರನ ಪಕ್ಕ ನಾನು, ನನ್ನ ಪಕ್ಕ ಕಿಟಕಿಗೆ ತಮ್ಮ. ಟೆಂಪೋ ಜುರಾಲ ಡ್ಯಾಮಿನ ಮೇಲೆ ಹತ್ತಿತು.

"ನನ್ನ ಯಾಕ ಕೇಳಲಿಲ್ಲ?" ಎಂದೆ.

"ಕೇಳಿದ್ರ ಕೊಡತಿದ್ದೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ."

"ನಾ ಹೊಲ ಹೋತು ಅಂತ ಎರಡು ಸರ್ತಿ ಕಚೇರಿಗಿ ಹೋಗಿ ಬಂದೆ."

ಅವನು ನಕ್ಕ. ಡ್ರೈವರನೂ ನಕ್ಕ. ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ತಮ್ಮನೇ ಮತ್ತೆ ಎತ್ತಿದ.

"ಲೆಕ್ಕಕ್ಕ ಹಿಡಿದಿದ್ರ ಇವತ್ತು ನಮ್ಮವೇ ಮೊದಲು ಬರತಿದ್ದವು, ಯಕ್ಕಾ."

"ಮೂರನೇದು," ಎಂದೆ.

"ಏನು?"

"ಮೂರನೇದು ಬರತಿದ್ದವು. ಕುರುಬಂದು ಮೊದಲು, ಧರೂರಿನವರದು ಎರಡು, ನಿಂದು ಮೂರು. ಗುರುತು ನೋಡಿ ಬಂದೀನಿ."

ಕಣದಲ್ಲಿ ಅಷ್ಟು ಜನರ ಮುಂದೆ ಮಾನ ಹೋದಾಗ ಅವನ ಮುಖ ಹಾಗಾಗಿರಲಿಲ್ಲ. ಕಿಟಕಿಯ ಕಡೆ ತಿರುಗಿದವನು ಮಕ್ತಲ್ ಬರುವವರೆಗೂ ಈ ಕಡೆ ನೋಡಲಿಲ್ಲ. ಎತ್ತುಗಳು ದಣಿದಿದ್ದವು, ನದಿ ದಾಟಿಸುವುದು ಬೇಡವೆಂದು ನನ್ನ ಅಂಗಳದಲ್ಲೇ ಕಟ್ಟಿದ. ಹಸಿವಿಲ್ಲ ಎಂದು ಉಣ್ಣದೆ ಮಲಗಿದ. ಮೊದಲು ಎಂದು ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಜನ ಕೇಳಿದ್ದಾರೆ. ಒಂದೇ ದಿನದಲ್ಲಿ ಎರಡು ಸುಳ್ಳು ಹೇಳಲು ನನಗೆ ಆಗಲಿಲ್ಲ.

ಮರುದಿನ ಬೆಳಗ್ಗೆ ಅವನಿಗಿಂತ ಮೊದಲೇ ಎದ್ದೆ. ಗೂಟಕ್ಕೆ ಹಾಕಿದ್ದ ಅವನ ಅಂಗಿಯ ಜೇಬಿಗೆ ಕೈ ಹಾಕಿದೆ. ನನ್ನ ಕಾರ್ಡಿನ ನಕಲು ಸಿಕ್ಕಿತು, ಒಂದಲ್ಲ, ಎರಡು. ಎರಡನ್ನೂ ಬಚ್ಚಲ ಒಲೆಗೆ ಹಾಕಿ, ಮೇಲೆ ತೊಗರಿಕಟ್ಟಿಗೆ ಒಟ್ಟಿ ಉರಿ ಮಾಡಿದೆ. ನೀರು ಕಾದ ಮೇಲೆ ತಮ್ಮನನ್ನು ಸ್ನಾನಕ್ಕೆ ಎಬ್ಬಿಸಿದೆ.