ಕನ್ನಡದಲ್ಲಿ ಹೇಳಿದ ಗುಟ್ಟು

ಶೋಭನಾ ಮೂವತ್ತಾರು ವರ್ಷ ಬೇರೆಯವರ ಮಾತುಗಳನ್ನು ಕೂಡಿಸಿಕೊಟ್ಟವಳು. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೊಂದು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ ಶರಣಪ್ಪನನ್ನು ಮದುವೆಯಾದ ಮೇಲೆ ಅವನ ಹಿಂದೆಯೇ ವರ್ಗ ಮಾಡಿಸಿಕೊಂಡು ಕಲ್ಕತ್ತೆಗೆ ಬಂದಳು. ಅದು ಟ್ರಂಕ್ ಕಾಲ್‌ಗಳ ಕಾಲ. ಹೆರಿಗೆ, ಸಾವು, ಒಡೆದ ನಿಶ್ಚಿತಾರ್ಥ, ಮಗ ಪಾಸಾದ ಸುದ್ದಿ ಎಲ್ಲವೂ ಅವಳ ಕಿವಿಯ ಪಕ್ಕದಿಂದ ಹಾದುಹೋದವು. ಎರಡೂ ಕಡೆಯವರು ಸಿಕ್ಕಿದ ಮೇಲೆ ಆಪರೇಟರ್ ತಾನು ಕೇಳುವ ಸ್ವಿಚ್ಚನ್ನು ಮುಚ್ಚಬೇಕು ಎಂಬುದು ನಿಯಮ. ಮುಚ್ಚದೆ ಕೇಳುವವರಿದ್ದರು. ಕೇಳಿದ್ದನ್ನು ಊಟದ ಡಬ್ಬಿ ಬಿಚ್ಚುವಾಗ ಹಂಚಿಕೊಂಡು ನಗುವವರೂ ಇದ್ದರು. ಶೋಭನಾ ಮುಚ್ಚುತ್ತಿದ್ದಳು. ಮುಚ್ಚುವ ಮುನ್ನ ಕಿವಿಗೆ ಬಿದ್ದದ್ದನ್ನು ಗಂಡನಿಗೂ ಹೇಳುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಗಂಡಹೆಂಡಿರು ಕಲ್ಕತ್ತೆಯಲ್ಲೇ, ಕಸ್ಬಾ ಬಡಾವಣೆಯ ಒಂದು ಓಣಿಯಲ್ಲಿ ಎರಡನೇ ಮಹಡಿಯ ಮನೆಯಲ್ಲಿ ಉಳಿದರು. ಮಗಳು ಇಂಚರ ಪುಣೆಯಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು.

ಓಣಿಯ ಹೆಂಗಸರ ಕೈಗೆಲ್ಲ ಮಕ್ಕಳು ಕೊಡಿಸಿದ ಸ್ಮಾರ್ಟ್ ಫೋನು ಬಂದಿತ್ತು. ಬಂದದ್ದನ್ನೆಲ್ಲ ನಂಬುವುದು, ನಂಬಿದ್ದನ್ನೆಲ್ಲ ಹತ್ತು ಜನಕ್ಕೆ ಕಳಿಸುವುದು ನಡೆದಿತ್ತು. ಶೋಭನಾ ಓಣಿಯ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿ, ಗುರುವಾರ ಮಧ್ಯಾಹ್ನ ಮೂರಕ್ಕೆ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಪಾಠ ಶುರು ಮಾಡಿದಳು. ಮೊದಲ ದಿನ ಅವಳು ಗಂಭೀರವಾಗಿ ‘ಅಂತರ್ಜಾಲ’ ಎಂದಾಗ ಹೆಂಗಸರೆಲ್ಲ ನಕ್ಕರು. ಬಂಗಾಳಿಯಲ್ಲೂ ಅದೇ ಪದ. ಆದರೆ ಅಲ್ಲಿ ‘ಜಾಲ್’ ಅಂದರೆ ಬಲೆಯೂ ಹೌದು, ಖೋಟಾ ಎಂದೂ ಹೌದು. “ಪುರೋಟಾಇ ತೋ ಜಾಲ್, ದಿದಿ!” ಎಲ್ಲಾ ಖೋಟಾನೇ ಅಲ್ಲವೇ ಎಂದು ಒಬ್ಬಳು ಕೂಗಿದಳು. ಹಾಗೆ ಕೂಗಿದವಳು ಮಿನತಿ, ಪಕ್ಕದ ಮನೆಯ ನೆಲಮಹಡಿಯ ವಿಧವೆ. ಹದಿನೈದು ವರ್ಷದ ಗೆಳತಿ.

ಹನ್ನೊಂದು ಹೆಂಗಸರು ತಪ್ಪದೆ ಬರುತ್ತಿದ್ದರು. ಸಂದೇಶ ಬಂದರೆ ಏನು ಮಾಡಬೇಕು? ಒಂದು ಲೋಟ ನೀರು ಕುಡಿಯಬೇಕು. ಕುಡಿದ ಮೇಲೂ ಕಳಿಸಬೇಕು ಅನ್ನಿಸಿದರೆ, ಯಾರು ಬರೆದದ್ದು, ಯಾವ ಊರು, ಯಾವ ದಿನ ಎಂದು ಕೇಳಬೇಕು. ಮೂರಕ್ಕೂ ಉತ್ತರವಿಲ್ಲದಿದ್ದರೆ ಅಳಿಸಬೇಕು. ಶೋಭನಾಳ ಪಾಠವೆಲ್ಲ ಇಷ್ಟೇ. ಕೊನೆಯಲ್ಲಿ ಒಂದು ಮಾತು ಹೇಳುತ್ತಿದ್ದಳು: ಇಲ್ಲಿ ಆಡಿದ್ದು ಇಲ್ಲೇ.

ಆ ಮಾತನ್ನು ನಂಬಿಯೇ ಮಿನತಿ ಒಂದು ಗುರುವಾರ ಎಲ್ಲರೂ ಹೋದ ಮೇಲೂ ಕೂತಿದ್ದಳು.

ಮೂರು ಚಳಿಗಾಲದ ಹಿಂದೆ ಅವಳ ಫೋನಿಗೊಂದು ಸಂದೇಶ ಬಂದಿತ್ತು. ರಜಾಯಿ ಹೊಲಿಯುವವರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ಹೆಗಲ ಮೇಲಿನ ಮೂಟೆ ನೋಡಿ ಎಂದು. ಮೊಮ್ಮಗ ಆಗ ಮನೆಯಲ್ಲಿದ್ದ. ಅವಳು ಹೆದರಿ ಓಣಿಯ ತಾಯಂದಿರ ಗುಂಪಿಗೆ ಕಳಿಸಿದಳು. ಮೂರನೇ ದಿನ ಹಿಂದಿನ ಓಣಿಯಲ್ಲಿ ಹತ್ತಿ ಎಕ್ಕುವ ಮುದುಕನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಚಳಿ ಬಿತ್ತೆಂದರೆ ಬಿಲ್ಲಿನ ತಂತಿ ಮೀಟುತ್ತಾ ಓಣಿಗೆ ಬರುತ್ತಿದ್ದ ಅದೇ ಮುದುಕ. ಮಿನತಿಯ ಮದುವೆಯ ರಜಾಯಿಗೂ ಅವನೇ ಹತ್ತಿ ತುಂಬಿದ್ದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

“ಕಾಉಕೆ ಬೋಲೋ ನಾ,” ಎಂದಳು ಮಿನತಿ. ಯಾರಿಗೂ ಹೇಳಬೇಡ. “ಮಗನಿಗೂ ಗೊತ್ತಿಲ್ಲ.”

“ಹೇಳೋದಿಲ್ಲ,” ಎಂದಳು ಶೋಭನಾ. ಮೂವತ್ತಾರು ವರ್ಷ ಸ್ವಿಚ್ಚು ಮುಚ್ಚಿದ ತನಗೆ ಹಾಗೆ ಮಾತು ಕೊಡುವ ಅಧಿಕಾರವಿದೆ ಎಂದೇ ಅವಳು ನಂಬಿದ್ದಳು.

ನಿಹಾರಿಕಾ ಬಂದದ್ದು ಆಮೇಲೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದ ಒಂದು ಸ್ವಯಂಸೇವಾ ಸಂಸ್ಥೆ ಕಸ್ಬಾದಲ್ಲಿ ಹೊಸ ಶಾಖೆ ತೆರೆದಿತ್ತು. ಅದರಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ಗುರುವಾರದ ಪಾಠದ ಸುದ್ದಿ ಕೇಳಿ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ನಿಂತು “ಆಂಟಿ, ನೀವು ಕನ್ನಡದವರಂತೆ?” ಎಂದಾಗ ಶೋಭನಾ ಅವಳನ್ನು ಕೈ ಹಿಡಿದು ಒಳಗೆ ಕರೆದಳು.

ಸಂಸ್ಥೆಯ ಬಳಿ ಮೂರು ವರ್ಷದ ಕಾರ್ಯತಂತ್ರವಿತ್ತು. ನಿಹಾರಿಕಾ ಅದನ್ನು ಊಟದ ಮೇಜಿನ ಮೇಲೆ ಹರಡಿದಳು. ಒಂದರೊಳಗೊಂದು ಮೂರು ವೃತ್ತಗಳು. ಒಳಗಿನದರಲ್ಲಿ ಓಣಿ ಓಣಿಯ ಮುಂದಾಳುಗಳು, ನಡುವಿನದರಲ್ಲಿ ಅವರ ಕತೆಗಳು, ಹೊರಗಿನದರಲ್ಲಿ ಸಾವಿರಾರು ಜನ. ಕಾನೂನಿನಿಂದ, ಕಂಪನಿಗಳಿಂದ ಮಾತ್ರ ಅಂತರ್ಜಾಲದ ಆರೋಗ್ಯ ಸುಧಾರಿಸುವುದಿಲ್ಲ. ಬಳಸುವವರೇ ಅದು ತಮ್ಮದೆಂದು ಎದ್ದು ನಿಲ್ಲಬೇಕು, ಅದೊಂದು ಚಳವಳಿಯಾಗಬೇಕು. ಜನರನ್ನು ಎಬ್ಬಿಸಿ ನಿಲ್ಲಿಸುವುದು ಅಂಕಿಅಂಶವಲ್ಲ, ಒಬ್ಬರ ಕತೆ. ಕಾಗದದ ಮೇಲಿದ್ದದ್ದರಲ್ಲಿ ಒಂದು ಸಾಲೂ ಸುಳ್ಳಾಗಿರಲಿಲ್ಲ.

“ಚಳವಳಿ ಅಂತೀಯಲ್ಲವಾ,” ಶೋಭನಾ ಕೇಳಿದಳು, “ಮೆರವಣಿಗಿ ಎಲ್ಲಿಂದ ಎಲ್ಲೀತನಕ?”

“ಮೆರವಣಿಗೆ ಎಲ್ಲ ಇಲ್ಲ ಆಂಟಿ.”

“ಮತ್ತ ಯಾರ ವಿರುದ್ಧ?”

“ಯಾರ ವಿರುದ್ಧವೂ ಅಲ್ಲ. ಒಳ್ಳೇ ಇಂಟರ್ನೆಟ್ಟಿನ ಪರವಾಗಿ.”

ಪೇಪರಿನ ಹಿಂದಿನಿಂದ ಶರಣಪ್ಪ ತಲೆ ಎತ್ತಿದ. “ಕಲ್ಕತ್ತಾದಾಗ ಬಸ್ ನಿಲ್ಲಸಲಾರದ ಚಳವಳಿ ಇದss ಮೊದಲ್ನೇದು ನೋಡವಾ. ಎರಡು ಟೈರರೆ ಸುಡ್ರಿ, ಯಾರರೆ ತಿರುಗಿ ನೋಡ್ತಾರ.”

“ಅಂಕಲ್!” ಎಂದು ನಿಹಾರಿಕಾ ನಕ್ಕಳು. ಆ ನಗು ಶೋಭನಾಳಿಗೆ ಹಿಡಿಸಿತು. ಮಗಳ ವಯಸ್ಸಿನ ಹುಡುಗಿ ತನ್ನ ಮೇಜಿಗೆ ಕೂತು ಕನ್ನಡದಲ್ಲಿ ನಗುವುದನ್ನು ಅವಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಮುಂದಿನ ವಾರ ಜೋಳದ ರೊಟ್ಟಿ ಬಡಿದಳು. ಅದರ ಮುಂದಿನ ವಾರ ಎಣ್ಣೆಗಾಯಿ ಮಾಡಿದಳು.

ಕಲ್ಕತ್ತೆಯಲ್ಲಿ ಬಹುಕಾಲ ಬದುಕಿದ ಕನ್ನಡದವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಗುಟ್ಟನ್ನು ಅವರು ಪಿಸುಗುಡುವುದಿಲ್ಲ. ತುಂಬಿದ ಬಸ್ಸಿನಲ್ಲಿ, ಸೀರೆಯ ಅಂಗಡಿಯಲ್ಲಿ, ಡಾಕ್ಟರ ಎದುರಿನಲ್ಲೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾರೆ. “ಈ ಸೀರಿ ಛಲೋ ಇಲ್ಲ, ಏಳ್ರಿ” ಎಂದು ಅಂಗಡಿಯವನ ಮುಖ ನೋಡಿ ನಗುತ್ತಲೇ ಹೇಳಬಹುದು. ಸುತ್ತ ಎಷ್ಟೇ ಜನವಿರಲಿ, ಕನ್ನಡಕ್ಕೆ ತಿರುಗಿದರೆ ಸಾಕು, ಬಾಗಿಲು ಹಾಕಿಕೊಂಡಂತೆ. ನಲವತ್ತು ವರ್ಷ ಶೋಭನಾ ಹಾಗೆ ಬಾಗಿಲು ಹಾಕಿಕೊಂಡು ಬದುಕಿದ್ದಳು.

ನಾಲ್ಕನೇ ಭೇಟಿಯಲ್ಲಿ ನಿಹಾರಿಕಾ ಕೇಳಿದಳು, “ಆಂಟಿ, ಈ ಕ್ಲಾಸು ಯಾಕೆ ಮುಖ್ಯ ಅಂತ ನಿಮಗೆ ನಿಜವಾಗಿ ಯಾವಾಗ ಅನ್ನಿಸ್ತು? ರೆಕಾರ್ಡ್ ಮಾಡ್ಕೊಳ್ಲಾ?”

“ಮಾಡ್ಕೋವಾ. ಕನ್ನಡದಾಗ ಅದ ಅಲ್ಲ, ಯಾರಿಗೆ ತಿಳೀತದ?”

ಹೇಳಿದಳು. ಹೆಸರು ಹೇಳಲಿಲ್ಲ. ಆದರೆ ಓಣಿ ಹೇಳಿದಳು, ಮೊಮ್ಮಗನನ್ನು ಹೇಳಿದಳು, ಮದುವೆಯ ರಜಾಯಿ ಹೇಳಿದಳು. ಹೇಳುತ್ತಾ ಅತ್ತಳು. ನಿಹಾರಿಕಾಳ ಕಣ್ಣಲ್ಲೂ ನೀರು ಬಂತು. ಆ ನೀರು ನಿಜವಾದದ್ದೇ. ಅದನ್ನು ಒರೆಸಿಕೊಂಡ ಮೇಲೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿಯಾಯಿತು. ‘ನನ್ನ ಕತೆಯನ್ನು ಬಳಸಿಕೊಳ್ಳಲು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಶೋಭನಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿಯೇ ಸಹಿ ಹಾಕಿದಳು. ಅದು ತನ್ನ ಕತೆಯಲ್ಲ ಎಂದು ಅವಳಿಗೂ ಹೊಳೆಯಲಿಲ್ಲ, ಹುಡುಗಿಗೂ ಹೊಳೆಯಲಿಲ್ಲ.

ಕಾರ್ಯತಂತ್ರದ ಬಿಡುಗಡೆ ಅಲಿಪುರದ ಒಂದು ಸಭಾಂಗಣದಲ್ಲಿ ಆಯಿತು. ಶೋಭನಾ ವೇದಿಕೆಯ ಮೇಲೆ, ಅವಳ ಹನ್ನೊಂದು ಹೆಂಗಸರು ಮೂರನೇ ಸಾಲಿನಲ್ಲಿ. ಎಲ್ಲರೂ ಪೂಜೆಯ ಸೀರೆ ಉಟ್ಟಿದ್ದರು. ಮಿನತಿ ನೀಲಿ ಅಂಚಿನದು ಉಟ್ಟು, ಕೆಳಗಿನಿಂದಲೇ ಕೈ ಬೀಸಿ, ಹಲ್ಲು ಕಾಣುವ ಹಾಗೆ ನಗಬೇಡ ಎಂದು ಸನ್ನೆ ಮಾಡಿದಳು. ಬೆಂಗಳೂರಿನಿಂದ ಬಂದಿದ್ದ ನಿರ್ದೇಶಕ ಚಂದ್ರಹಾಸ ಮಾತಾಡಿ, ವಿಶ್ವಾಸವೇ ಈ ಚಳವಳಿಯ ಅಡಿಪಾಯ ಎಂದ. ಆಮೇಲೆ ದೀಪ ಆರಿಸಿ ಒಂದು ಕಿರುಚಿತ್ರ ತೋರಿಸಿದರು.

ಕತ್ತಲೆಯಲ್ಲಿ ಶೋಭನಾಳದೇ ದನಿ ಕನ್ನಡದಲ್ಲಿ ಮಾತಾಡತೊಡಗಿತು. ಪರದೆಯ ಮೇಲೆ ಕಸ್ಬಾದ ಒಂದು ಓಣಿ, ಗಾಳಿಯಲ್ಲಿ ಹಾರುವ ಹತ್ತಿ. ಕೆಳಗೆ ಸಾಲುಸಾಲಾಗಿ ಬಂಗಾಳಿ.

ಅನುವಾದ ಚೆನ್ನಾಗಿತ್ತು. ಶೋಭನಾ ಬಂಗಾಳಿ ಓದಬಲ್ಲಳು. ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಮೊಮ್ಮಗ ಇದ್ದ, ರಜಾಯಿ ಇತ್ತು, ಕಂಬವಿತ್ತು. ನಿಲ್ಲಿಸಿ ಎಂದು ಕೂಗಬೇಕೆನ್ನಿಸಿತು. ಕೂಗಲು ಬಾಯಿ ತೆರೆದರೆ, ಅವಳ ದನಿ ಆಗಲೇ ಸಭಾಂಗಣದ ತುಂಬ ಮಾತಾಡುತ್ತಿತ್ತು. ಮೂರನೇ ಸಾಲಿನಲ್ಲಿ ಯಾರೋ “ಅರೇ, ಇದು ನಮ್ಮ ಓಣಿ!” ಎಂದರು. ಆಮೇಲೆ ಹತ್ತು ತಲೆಗಳು ಒಂದೊಂದಾಗಿ ಒಂದೇ ಕಡೆಗೆ ತಿರುಗಿದವು. ದೀಪ ಹತ್ತಿದಾಗ ಮಿನತಿಯ ಕುರ್ಚಿ ಖಾಲಿಯಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಅಲ್ಲಿಯೇ, ವೇದಿಕೆಯ ಮೆಟ್ಟಿಲ ಮೇಲೆ, ಶೋಭನಾ ನಿಹಾರಿಕಾಳ ತೋಳು ಹಿಡಿದಳು. “ಏನ್ ಮಾಡಿದ್ಯವಾ? ಅಕೀ ಕೆಳಗ ಕೂತಿದ್ಲು!”

ಹುಡುಗಿಯ ಮುಖ ಬಿಳಿಚಿತು. “ಹೆಸರಿಲ್ಲವಲ್ಲ ಆಂಟಿ... ಅವರೂ ಬರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ನೀವು ಇದನ್ನ ಯಾರಿಗೂ ಹೇಳ್ಬಾರದು ಅಂತ ಹೇಳ್ಲೇ ಇಲ್ವಲ್ಲ.”

ಹೇಳಿರಲಿಲ್ಲ. ಕನ್ನಡದಲ್ಲಿ ಹೇಳಿದ್ದೇ ಹಾಗೆ ಹೇಳಿದಂತೆ ಎಂದುಕೊಂಡಿದ್ದಳು. ಬೆಂಗಳೂರಿನಲ್ಲಿ ಹುಟ್ಟಿದವಳಿಗೆ ಅದು ಹೇಗೆ ತಿಳಿಯಬೇಕು? ಅವಳಿಗೆ ಕನ್ನಡ ಬೀದಿಯ ಮಾತು.

ಚಿತ್ರ ಅಂದು ಸಂಜೆಯೇ ಎಲ್ಲರಿಗೂ ಸಿಗುವ ಹಾಗೆ ಹೊರಬಿತ್ತು. ತೆಗೆಸು ಎಂದು ಶೋಭನಾ ದಿನಾ ಫೋನು ಮಾಡಿದಳು. ನಿಹಾರಿಕಾ ನಿರ್ದೇಶಕನಿಗೆ ಬರೆದಳು. ಚಂದ್ರಹಾಸ ಒಂಬತ್ತನೇ ದಿನ ತಾನೇ ಫೋನು ಮಾಡಿದ. ಸೌಜನ್ಯದಿಂದ ಮಾತಾಡಿದ.

“ಮೇಡಂ, ನಿಮ್ಮ ಕತೆ ನಮ್ಮ ಇಡೀ ಕೆಲಸದ ಹೃದಯ. ನಲವತ್ತು ಸಾವಿರ ಜನ ನೋಡಿದ್ದಾರೆ. ಅದರಲ್ಲಿ ಒಬ್ಬರು ಫಾರ್ವರ್ಡ್ ಮಾಡೋದು ನಿಲ್ಲಿಸಿದ್ರೂ ಸಾರ್ಥಕ ಅಲ್ವಾ?”

“ನನ್ನ ಕತಿ ಅಲ್ಲರೀ ಅದು.”

“ನೀವು ಸಹಿ ಮಾಡಿದ್ದೀರಿ.”

“ಹೌದು, ಮಾಡೀನಿ. ಅದಕ್ಕss ಹೇಳಾಕತ್ತೀನಿ, ತಗೀರಿ.”

ಹನ್ನೆರಡನೇ ದಿನ ತೆಗೆದರು. ಅಷ್ಟರಲ್ಲಿ ಅದರಿಂದ ಯಾರೋ ಒಂದು ನಿಮಿಷ ಕತ್ತರಿಸಿ, ಪಕ್ಕದಲ್ಲಿ ಮಿನತಿಯ ಫೋಟೋ ಅಂಟಿಸಿ, ‘ಮುದುಕನ ಕೈ ಮುರಿಸಿದವಳು ಇವಳೇ, ಎಲ್ಲರಿಗೂ ತಿಳಿಸಿ’ ಎಂದು ಬರೆದು ಓಣಿಯ ತಾಯಂದಿರ ಗುಂಪಿಗೆ ಹಾಕಿದ್ದರು. ಹಾಕಿದವಳು ಗುರುವಾರದ ಪಾಠಕ್ಕೆ ಬರುತ್ತಿದ್ದವಳೇ. ಶೋಭನಾ ಅವಳನ್ನು ಕ್ಲಬ್ಬಿನ ಮೆಟ್ಟಿಲಲ್ಲಿ ತಡೆದು ಕೇಳಿದಳು. ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

“ನೀವೇ ಕಲಿಸಿದ್ದಲ್ಲ, ದಿದಿ? ಯಾರು ಹೇಳಿದ್ದು, ಯಾವ ಊರು, ನಿಜವೋ ಸುಳ್ಳೋ ನೋಡು ಅಂತ. ನೋಡಿದೆ. ನಿಮ್ಮ ದನಿ, ನಮ್ಮ ಓಣಿ. ನಿಜವೇ ಆಗಿತ್ತು.”

ಆ ಗುರುವಾರ ಕ್ಲಬ್ಬಿಗೆ ಯಾರೂ ಬರಲಿಲ್ಲ. ಶೋಭನಾ ನಾಲ್ಕರವರೆಗೆ ಕಾದು, ಕೇರಂ ಬೋರ್ಡನ್ನು ಮತ್ತೆ ನಡುವಿಗೆ ಎಳೆದಿಟ್ಟು ಮಿನತಿಯ ಮನೆಗೆ ಹೋದಳು. ಅದಕ್ಕೆ ಮೊದಲು ಐದು ಸಲ ಹೋಗಿದ್ದಳು, ಬಾಗಿಲು ತೆರೆದಿರಲಿಲ್ಲ. ಆರನೇ ಸಲ ತೆರೆಯಿತು.

“ಬೋಶುನ್,” ಎಂದಳು ಮಿನತಿ. ಕುಳಿತುಕೊಳ್ಳಿ.

ಹದಿನೈದು ವರ್ಷ ‘ಬೋಶೋ’ ಎಂದವಳು, ‘ಬಾರೇ, ಕೂರೇ’ ಎಂದು ಸೆರಗು ಹಿಡಿದು ಎಳೆದವಳು, ಈಗ ಅಪರಿಚಿತರಿಗೆ ಕೊಡುವ ಬಹುವಚನ ಕೊಟ್ಟಳು. ಟೀ ತಂದಳು. ಒಳ್ಳೆಯ ಕಪ್ಪಿನಲ್ಲಿ ತಂದಳು, ಪಕ್ಕದ ತಟ್ಟೆಯಲ್ಲಿ ಎರಡು ಸಂದೇಶ್ ಮಿಠಾಯಿ ಇಟ್ಟಳು. ಕೋಣೆಯ ಮೂಲೆಯಲ್ಲಿ ಹಗ್ಗ ಬಿಗಿದ ಮೂರು ರಟ್ಟಿನ ಪೆಟ್ಟಿಗೆಗಳಿದ್ದವು. ಮಗ ದುರ್ಗಾಪುರಕ್ಕೆ ಕರೆದುಕೊಂಡು ಹೋಗುತ್ತಾನೆ ಎಂದಳು. ಮಗ ಏನೂ ಕೇಳಲಿಲ್ಲ, ಸೊಸೆ ಮಾತ್ರ ಮೊಮ್ಮಗನ ಫೋಟೋಗಳನ್ನು ಕಳಿಸುವುದು ನಿಲ್ಲಿಸಿದ್ದಾಳೆ ಎಂದಳು.

ಶೋಭನಾ ಕ್ಷಮೆ ಕೇಳಲು ಬಂಗಾಳಿ ಹುಡುಕಿದಳು. ಸಿಕ್ಕ ಪದಗಳೆಲ್ಲ ಪುಸ್ತಕದವು. “ನಾನು ಕೆಟ್ಟದ್ದು ಬಯಸಿ ಹೇಳಲಿಲ್ಲ,” ಎಂದಷ್ಟೇ ಹೇಳಿದಳು.

“ಗೊತ್ತು,” ಎಂದಳು ಮಿನತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೂ ಅಷ್ಟೇ, ಕೆಟ್ಟದ್ದು ಬಯಸಿ ಕಳಿಸಿರಲಿಲ್ಲ. ನೀವೇ ಒಬ್ಬರು ಅದನ್ನು ಅರ್ಥ ಮಾಡಿಕೊಂಡಿದ್ದಿರಿ. ಟೀ ಆರುತ್ತದೆ, ಕುಡಿಯಿರಿ.”

ಶೋಭನಾ ಕುಡಿದಳು. ಸಂದೇಶ್‌ನಲ್ಲಿ ಒಂದನ್ನು ತಿಂದಳು, ತಿನ್ನದಿದ್ದರೆ ಅವಮಾನವಾದೀತೆಂದು. ಹೊರಡುವಾಗ ಮಿನತಿ ಬಾಗಿಲವರೆಗೆ ಬಂದು, ಅತಿಥಿಗಳಿಗೆ ಹೇಳುವ ಹಾಗೆ, ಮತ್ತೆ ಬನ್ನಿ ಎಂದು ಕೈ ಮುಗಿದಳು. ಮೂರು ದಿನದ ಮೇಲೆ ಅವಳ ಬಾಗಿಲಿಗೆ ಬೀಗ ಬಿತ್ತು.