ಕವಳದ ವಜಾ

ಈಗ ನನ್ನ ಕವಳವನ್ನು ಸೊಸೆ ಕಲ್ಲಿನಲ್ಲಿ ಕುಟ್ಟಿ ಕೊಡಬೇಕು. ಹಲ್ಲು ಹೋಗಿ ಬಹಳ ಕಾಲವಾಯಿತು. ಕುಟ್ಟಿದ ಕವಳಕ್ಕೆ ಅಗಿದ ಕವಳದ ರುಚಿ ಬರುವುದಿಲ್ಲ ಎಂದರೆ ಅವಳು ನಗುತ್ತಾಳೆ. ಅವಳಿಗೆ ಎಲೆಯಡಿಕೆಯ ಗಂಧಗಾಳಿ ಇಲ್ಲ. ಅಡಿಕೆ ಸೀಮೆಯಲ್ಲಿ ಹುಟ್ಟಿ ಕವಳ ಹಾಕದವರನ್ನು ಕಂಡರೆ ನನಗೆ ಇವತ್ತಿಗೂ ಸ್ವಲ್ಪ ಅನುಮಾನವೇ. ಒಬ್ಬಳನ್ನು ಬಿಟ್ಟು. ಆ ಒಬ್ಬಳ ಮಾತು ಹೇಳಬೇಕೆಂದೇ ಕೂತಿದ್ದೇನೆ.

ನಾನು ಯಲ್ಲಾಪುರದವಳು. ಮದುವೆಯಾಗಿ ಶಿರಸಿಗೆ ಬಂದೆ. ಗಂಡ ಕೋರ್ಟಿನಲ್ಲಿ ಪಟ್ಟೇವಾಲ. ತಲೆಗೆ ಪೇಟ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ನೋಡುವುದಕ್ಕೆ ದೊಡ್ಡ ಅಧಿಕಾರಿ. ಸಂಬಳ ಮಾತ್ರ ತಿಂಗಳ ನಡುವಿಗೇ ಮಂಗಳ ಹಾಡುತ್ತಿತ್ತು. ಹೊಸ ಪೈಸೆ ಬಂದು ನಾಲ್ಕಾರು ವರ್ಷ ಆಗಿದ್ದರೂ ನಾವೆಲ್ಲ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದೆವು. ಮನೆ ನಡೆಯಬೇಕಲ್ಲ ಎಂದು ನಾನು ಪೇಟೆಯ ಒಬ್ಬ ಸಾಹುಕಾರರ ವಖಾರಿಗೆ ಅಡಿಕೆ ಆರಿಸಲು ಹೋಗತೊಡಗಿದೆ.

ಉದ್ದನೆಯ ಹೆಂಚಿನ ಮಾಡು, ಕೆಳಗೆ ಗೋಣಿತಾಟು, ಅದರ ಮೇಲೆ ಅಡಿಕೆಯ ಗುಡ್ಡೆ. ಎರಡು ಸಾಲಾಗಿ ಎದುರುಬದುರು ಕೂತು ನಾವು ಮೇಲುದರ್ಜೆಯ ಕೆಂಪು ರಾಶಿ ಅಡಿಕೆಯೇ ಬೇರೆ, ಬಲಿತ ಬೆಟ್ಟೆಯೇ ಬೇರೆ, ಒಡೆದು ಚೂರಾದ ಒಡಕೇ ಬೇರೆ ಎಂದು ಆರಿಸಿ ಹಾಕುತ್ತಿದ್ದೆವು. ಗೋಣಿಯ ವಾಸನೆ, ಅಡಿಕೆ ಬೇಯಿಸಿದ ಚೊಗರಿನ ವಾಸನೆ, ಹೆಂಗಸರ ತಲೆಯ ಕೊಬ್ಬರಿಎಣ್ಣೆಯ ವಾಸನೆ ಎಲ್ಲ ಸೇರಿ ಒಂದೇ ಆಗಿರುತ್ತಿತ್ತು. ಕೈ ಅದರ ಪಾಡಿಗೆ ಅದು ಓಡುತ್ತಿತ್ತು, ಬಾಯಿ ಅದರ ಪಾಡಿಗೆ. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಅತ್ತೆ ಯಾರಿಗೆ ಏನೆಂದಳು, ಎಲ್ಲ ಸುದ್ದಿಯೂ ಅಲ್ಲಿ ಅಡಿಕೆಯ ಜೊತೆಗೇ ಆರಿಸಲ್ಪಡುತ್ತಿತ್ತು. ಅಷ್ಟು ನಗು ನಾನು ಆಮೇಲೆ ಎಲ್ಲಿಯೂ ನಕ್ಕಿಲ್ಲ.

ಬೆಳಿಗ್ಗೆ ಹೋದ ಕೂಡಲೇ ಮೊದಲ ಕೆಲಸ ಕವಳ ಹಾಕುವುದು. ಎಲೆ, ಸುಣ್ಣ ನಮ್ಮದು, ಅಡಿಕೆ ವಖಾರಿಯದು. ಹಿಂದಿನಿಂದ ಬಂದ ಪದ್ಧತಿ ಅದು. ಆದರೆ ಬಾಯಿಗೆ ಹಾಕಿಕೊಳ್ಳುವುದು ಒಡಕನ್ನು ಮಾತ್ರ. ಒಳ್ಳೆಯ ರಾಶಿ ಅಡಿಕೆಗೆ ಯಾರಾದರೂ ಕೈ ಹಾಕಿದರೆ ಪಕ್ಕದವಳೇ ಮೊಣಕೈಯಿಂದ ತಿವಿಯುತ್ತಿದ್ದಳು. ಸಾಹುಕಾರರು ಬಯಲುಸೀಮೆಯ ಅಂಚಿನವರು. ನಮ್ಮ ಸಾಲುಗಳ ನಡುವೆ ನಡೆದು ಬರುವಾಗ, “ಹಾಕ್ಕೊಳ್ರಿ, ಹಾಕ್ಕೊಳ್ರಿ. ಅಡಿಕಿ ಆರ್ಸೋರ ಬಾಯಿ ಖಾಲಿ ಇದ್ರ ವಖಾರಿಗೆ ಛಲೋ ಅಲ್ಲ” ಎನ್ನುತ್ತಿದ್ದರು.

ಸಾಲಿನ ಕೊನೆಯಲ್ಲಿ, ಬಾಗಿಲ ಹತ್ತಿರ ಕೂರುವವಳು ಸಿದ್ದಾಪುರದ ಅಕ್ಕ. ಅವಳ ಹೆಸರು ಹಿಡಿದು ಕರೆದವರೇ ಇಲ್ಲ. ತೋಟದ ಕಡೆಯ ಮನೆತನದವಳು. ಗಂಡ ಸತ್ತು ಬಹಳ ವರ್ಷವಾಗಿ, ಶಿರಸಿಯಲ್ಲಿದ್ದ ಮೈದುನನ ಮನೆಯ ಒಂದು ಮೂಲೆಯಲ್ಲಿ ಇದ್ದಳು. ದುಡಿದದ್ದನ್ನು ತಂದು ಅವನ ಕೈಗೆ ಹಾಕಬೇಕು, ಅವನು ಹಾಕಿದ್ದನ್ನು ಉಣ್ಣಬೇಕು. ನಮ್ಮ ಜೊತೆಗೂ ತನ್ನ ಮನೆಮಾತಿನಲ್ಲೇ ಮಾತಾಡುತ್ತಿದ್ದಳು. ‘ನಾನು’, ‘ಇಲ್ಲ’ ಎನ್ನುವಲ್ಲಿ ಅವಳು ಹೇಳುವ ‘ಆನು’, ‘ಇಲ್ಲೆ’ಗಳನ್ನು ನಾವು ಅಣಕಿಸಿದರೆ ಸಿಟ್ಟು ಮಾಡುತ್ತಿರಲಿಲ್ಲ.

ಅವಳು ಕವಳ ಹಾಕುತ್ತಿರಲಿಲ್ಲ. ಅವಳ ಕಡೆ ಗಂಡ ಸತ್ತವರು ಹೂವು, ಕುಂಕುಮದ ಜೊತೆಗೆ ಕವಳವನ್ನೂ ಬಿಡಬೇಕು. ಆದರೆ ನಮಗೆಲ್ಲ ಕವಳ ಕಟ್ಟಿಕೊಡುತ್ತಿದ್ದವಳು ಅವಳೇ. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಬೆರಳ ತುದಿಯಲ್ಲಿ ಸುಣ್ಣ ಸವರಿ ಅವಳು ಮಡಚಿಕೊಟ್ಟ ಕವಳದಿಂದ ಯಾರ ಬಾಯಿಯೂ ಸುಡುತ್ತಿರಲಿಲ್ಲ. “ಅವ್ರು ಎನ್ನ ಕೈಯಿಂದ್ಲೇ ತಗಳ್ತಿದ್ರು” ಎಂದು ಒಮ್ಮೆ ಗಂಡನ ಮಾತು ಬಂದಾಗ ಹೇಳಿದ್ದಳು. ಎಲ್ಲರಿಗೂ ಕೊಟ್ಟಾದ ಮೇಲೆ ಬೆರಳನ್ನು ಒಮ್ಮೆ ಮೂಗಿಗೆ ಹಿಡಿದು, ಸೆರಗಿಗೆ ಒರೆಸಿಕೊಂಡು ಕೆಲಸಕ್ಕೆ ಕೂರುತ್ತಿದ್ದಳು.

ಹೀಗಿರುವಾಗ ಸಾಹುಕಾರರು ಹಾಸಿಗೆ ಹಿಡಿದರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗ ಬಂದು ಗಾದಿಯ ಮೇಲೆ ಕೂತ. ಕೆಟ್ಟವನಲ್ಲ, ಆದರೆ ಹೊಸ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಆ ಜಾತಿ. ವಖಾರಿಯಲ್ಲಿ ತೂಕ ಕಡಿಮೆ ಬೀಳುತ್ತಿದೆ ಎಂದು ಅವನಿಗೆ ಅನ್ನಿಸಿತು. ಒಂದು ದಿನ ಬಾಗಿಲಲ್ಲಿ ನಿಂತು ನಮ್ಮ ಬಾಯಿಗಳನ್ನೇ ನೋಡಿದ. ಅಷ್ಟೂ ಬಾಯಿಗಳು ಆಡುತ್ತಿದ್ದವು. ಕಳ್ಳ ಸಿಕ್ಕಿದ ಎಂದುಕೊಂಡಿರಬೇಕು.

ಸಂತೆಯ ಹಿಂದಿನ ದಿನ ನಮ್ಮ ಬಟವಾಡೆ. ಆ ವಾರ ಲೆಕ್ಕದ ರೈಟರು ಒಬ್ಬೊಬ್ಬಳನ್ನೇ ಕರೆದು ಕೂಲಿ ಕೊಡುವಾಗ, “ಕವಳದ ವಜಾ ಎರಡಾಣೆ ಮುರದು ಇಷ್ಟು” ಎಂದರು. ಎರಡಾಣೆ ಎಂದರೆ ನಮ್ಮ ಮನೆಯಲ್ಲಿ ಸಂತೆಯ ಒಣಮೀನು. ನಾವು ಗುಜುಗುಜು ಎಂದೆವು, ಯಾರೂ ದೊಡ್ಡ ದನಿ ತೆಗೆಯಲಿಲ್ಲ. ಸಿದ್ದಾಪುರದ ಅಕ್ಕನ ಸರದಿ ಬಂತು. ಅವಳದ್ದೂ ಎರಡಾಣೆ ಹೋಯಿತು.

“ಆನು ಕವಳ ಹಾಕ್ತ್ನಿಲ್ಲೆ” ಎಂದಳು ಅವಳು.

ಗಾದಿಯ ಮೇಲಿಂದ ಸಣ್ಣ ಸಾಹುಕಾರ ಹೇಳಿದ: “ಹಾಕೋರು ಯಾರು, ಹಾಕದೋರು ಯಾರು ಅಂತ ನಾ ಒಬ್ಬೊಬ್ಬರ ಬಾಯಿ ತೆರಸಿ ನೋಡ್ಲೇನ್ರಿ? ಎಲ್ಲಾರ್ಗೂ ಒಂದ ಲೆಕ್ಕ.”

ಅವಳು ಕೊಟ್ಟಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮತ್ತೆ ಕೆಲಸಕ್ಕೆ ಬಂದಾಗ ಕಣ್ಣು ಊದಿಕೊಂಡಿತ್ತು. ಅವತ್ತು ಯಾರಿಗೂ ಕವಳ ಕಟ್ಟಿಕೊಡಲಿಲ್ಲ. ನಾನು ಬಿಡದೆ ಕೇಳಿದೆ.

“ದುಡ್ಡು ಕಮ್ಮಿ ಎಂತಕ್ಕೆ ಕೇಳ್ದ ಮೈದುನ. ಆನು ಕವಳದ ವಜಾ ಹೇಳಿ ಹೇಳಿದಿ. ‘ಓಹೋ, ಅಲ್ಲಿ ಕವಳನೂ ನಡೀತನ?’ ಹೇಳ್ದ. ಅವನ ಹೆಂಡ್ತಿ ಒಳಗೆ ನೆಗ್ಯಾಡ್ತು. ಇನ್ನೂ ಹಿಂಗೇ ಆದ್ರೆ ವಖಾರಿಗೆ ಹೋಪದೇ ಬೇಡ ಹೇಳಿದ್ದ.” ಕೈಯಲ್ಲಿದ್ದ ಒಡಕನ್ನು ಗುಡ್ಡೆಗೆ ಎಸೆದು ಮತ್ತೆ ಅಂದಳು: “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬತ್ತಿಲ್ಲೆ ಹೇಳ್ತ. ಎನ್ನ ಮಾನ ತಿನ್ನದ್ದ ಅಡಿಕೆಗೇ ಹೋತಲೇ.”

ನನಗೆ ಮೈಯೆಲ್ಲ ಉರಿದುಹೋಯಿತು. ಎರಡಾಣೆ ಹೋದಾಗ ಬಾರದ ಸಿಟ್ಟು ಆಗ ಬಂತು. ಆ ಮನೆಯಲ್ಲಿ ಅವಳಿಗೆ ಉಸಿರಾಡಲು ಇದ್ದ ಒಂದೇ ಕಿಟಕಿ ಈ ವಖಾರಿ. ಅದನ್ನೂ ಮುಚ್ಚಿದರೆ ಅವಳು ದಿನವಿಡೀ ಯಾರ ಮುಖ ನೋಡಿಕೊಂಡು ಕೂರಬೇಕು?

ಮನೆಗೆ ಹೋಗಿ ಗಂಡನ ತಲೆ ತಿಂದೆ. ಅವನು ಕೋರ್ಟಿನ ಜಗಲಿಯಲ್ಲಿ ಒಬ್ಬ ವಕೀಲರನ್ನು ಕೇಳಿಕೊಂಡು ಬಂದ. “ಕೂಲಿಯಲ್ಲಿ ಹಾಂಗೆಲ್ಲ ಮನಸ್ಸಿಗೆ ಬಂದಾಂಗೆ ಮುರ್ಕಳ್ಳಕ್ಕೆ ಕಾನೂನಲ್ಲಿ ಇಲ್ವಂತೆ. ಅರ್ಜಿ ಕೊಟ್ರೆ ವಿಚಾರಣೆ ಆಗ್ತದಂತೆ” ಎಂದ. ನಾನು ಮರುದಿನ ಇದನ್ನು ವಖಾರಿಯಲ್ಲಿ ಹೇಳಿದಾಗ ಎಲ್ಲರೂ ನನ್ನನ್ನೇ ವಕೀಲರನ್ನು ನೋಡುವಂತೆ ನೋಡಿದರು. ಆಮೇಲೆ ಒಬ್ಬಳು, “ಅರ್ಜಿ ಕೊಡೋದೇನೋ ಕೊಡಾಣ. ವಿಚಾರಣೆ ಆಗೂತನಕ ಹೊಟ್ಟಿಗೆ ಎಂತ ಹಾಕೋದು? ನಾಳೆಯೇ ಸಣ್ಣ ಸಾಹುಕಾರ ಬನವಾಸಿ ಕಡೆಯಿಂದ ಬೇರೆಯೋರ ಕರ್ಸ್ತ” ಎಂದಳು. ಅದು ಸುಳ್ಳಲ್ಲ. ಹಾಗಾದರೆ ಬಾಯಿಮಾತಿನಲ್ಲಾದರೂ ಹೇಳಿ ಬರುತ್ತೇನೆ ಎಂದು ನಾನೇ ಎದ್ದು ಗಾದಿಯ ಹತ್ತಿರ ಹೋದೆ.

ಸಣ್ಣ ಸಾಹುಕಾರ ಪೂರ್ತಿ ಕೇಳಿದ. ಕೇಳಿ ನಕ್ಕ. “ಕೋರ್ಟಿನ ಪಟ್ಟೇವಾಲನ ಹೆಂಡ್ತಿ ಅಂದ್ರ ಅರ್ಧ ವಕೀಲರ ಆದಂಗ ಬಿಡ್ರಿ” ಎಂದ. “ಆದ್ರ ಕೇಳ್ರಿ ಇಲ್ಲೆ. ಕೆಲಸ ತಪ್ಪಿಸಿದ್ರು ಅಂತ ಮುರದ್ರ ಅದು ವಜಾ. ನೀವು ನನ್ನ ಅಡಿಕಿ ತಿಂತೀರಿ, ನಾ ಅದರ ರೊಕ್ಕ ಹಿಡೀತೀನಿ. ಇದು ವಜಾ ಅಲ್ಲ, ವ್ಯಾಪಾರ.”

ಓದಿದವನ ಬಾಯಿ. ಬಾಲ ಮುದುರಿಕೊಂಡು ಬಂದು ಎಲ್ಲರೆದುರು ಅವನು ಹೇಳಿದ್ದನ್ನೇ ಹೇಳಿದೆ.

“ವ್ಯಾಪಾರ ಹೇಳ್ದನ?” ಎಂದು ಕೇಳಿದಳು ಸಿದ್ದಾಪುರದ ಅಕ್ಕ.

“ಹೌದೇ ಮಾರಾಯ್ತಿ.”

ಅವಳು ಎದ್ದಳು. ಒಡಕಿನ ಗುಡ್ಡೆಯನ್ನು ದಾಟಿ ರಾಶಿ ಅಡಿಕೆಯ ಗುಡ್ಡೆಯ ಮುಂದೆ ಕೂತಳು. ನಾಲ್ಕು ಅಡಿಕೆ ತೆಗೆದು ನೋಡಿ ಮೂರನ್ನು ವಾಪಸು ಹಾಕಿ, ಕೆಂಪಗೆ ಹೊಳೆಯುವ ಒಂದನ್ನು ಆರಿಸಿಕೊಂಡಳು. ನನ್ನ ಸಂಚಿ ಎಳೆದುಕೊಂಡು ಎಲೆ ತೆಗೆದಳು, ತೊಟ್ಟು ಮುರಿದಳು, ಸುಣ್ಣ ಸವರಿದಳು. ದಿನಾ ನೋಡುತ್ತಿದ್ದ ಕೆಲಸವೇ. ಕೊನೆಗೆ ಮಡಚಿದ ಕವಳವನ್ನು ಯಾರಿಗೂ ಕೊಡದೆ ತನ್ನ ಬಾಯಿಗೆ ಇಟ್ಟುಕೊಂಡಳು.

ವಖಾರಿಯಲ್ಲಿ ಅಡಿಕೆ ಬೀಳುವ ಸದ್ದು ನಿಂತಿತು. ಒಬ್ಬಳು ಮೆಲ್ಲಗೆ, “ಅಕ್ಕಾ, ಎಂತ ಮಾಡ್ದೆ ನೀನು?” ಎಂದಳು.

“ತಿನ್ನದ್ದೇ ತಿಂದ ಹೆಸ್ರು ಬಂತು. ದುಡ್ಡೂ ಕೊಟ್ಟಾತು. ಇನ್ನು ರುಚಿ ಎಂತಕ್ಕೆ ಬಿಡ್ಲಿ?”

ಅಷ್ಟು ವರ್ಷದ ಮೇಲೆ ಹಾಕಿದ ಕವಳ, ತಲೆಗೇರಿ ಸೊಕ್ಕದೆ ಇರುತ್ತದೆಯೇ? ಹಣೆಯ ಮೇಲೆ ಬೆವರು ಒಡೆಯಿತು, ಕಿವಿ ಕೆಂಪಾಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾವು ಹೆದರಿ ನೀರು ತರಲು ಎದ್ದೆವು. ಅವಳು ಕೈ ಆಡಿಸಿ ಬೇಡವೆಂದು, ಕಣ್ಣು ಮುಚ್ಚಿಕೊಂಡೇ ನಕ್ಕಳು. ಆ ನಗುವಿನಲ್ಲಿ ಅವಳ ತುಟಿ ಎಷ್ಟು ಕೆಂಪಾಗಿ, ಎಷ್ಟು ಚಂದ ಕಂಡಿತೆಂದರೆ, ಅವಳೂ ನಮ್ಮ ಹಾಗೆ ಒಬ್ಬ ಹೆಂಗಸು ಎಂಬುದು ನನಗೆ ಅವತ್ತೇ ಹೊಳೆದದ್ದು. ಸಂಜೆ ಬಾವಿಕಟ್ಟೆಯಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ, ತುಟಿ ತಿಕ್ಕಿಕೊಂಡು ಮನೆಗೆ ಹೋದಳು.

ದಾರಿ ತೋರಿಸಿದವಳು ಅವಳಾದ ಮೇಲೆ ನಾವು ಬಿಡುತ್ತೇವೆಯೇ? ಅಕ್ಕನೂ ದಿನಕ್ಕೊಂದು ಕವಳ ಹಾಕತೊಡಗಿದಳು, ಒಡಕನ್ನು ಕೇಳುವವರಿಲ್ಲದಾಯಿತು. ಎಲ್ಲರೂ ರಾಶಿ ಅಡಿಕೆಯನ್ನೇ, ಅದರಲ್ಲೂ ಮುಂಬೈಗೆ ಹೋಗುವ ಮಾಲನ್ನೇ ಹುಡುಕಿ ಹುಡುಕಿ ಬಾಯಿಗೆ ಹಾಕತೊಡಗಿದೆವು. ಮೊಣಕೈಯಿಂದ ತಿವಿಯುತ್ತಿದ್ದವರೇ ಈಗ, “ಅದು ಬ್ಯಾಡ್ವೇ, ಇದು ಲಾಯ್ಕಿದ್ದು ತಗ” ಎಂದು ಆರಿಸಿ ಕೊಡುತ್ತಿದ್ದರು. ಮೈದುನ ಮುಂದಿನ ಬಟವಾಡೆಗೂ ಗೊಣಗಿದನಂತೆ. ಅಕ್ಕ, “ಎಲ್ಲರದ್ದೂ ಹಿಡೀತ್ರು, ಎನ್ನದ್ದೂ ಹಿಡೀತ್ರು. ಬೇಡದಿದ್ರೆ ನಾಳೆಯಿಂದ ಹೋಗ್ತ್ನಿಲ್ಲೆ” ಎಂದಳಂತೆ. ಉಳಿದ ಕೂಲಿಯ ಮೇಲೆ ಅವನಿಗೂ ಕಣ್ಣಿತ್ತು, ಸುಮ್ಮನಾದ.

ಸಣ್ಣ ಸಾಹುಕಾರನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಒಂದು ದಿನ ನಮ್ಮ ಸಾಲಿನ ನಡುವೆ ನಿಂತು, “ಏನ್ರೀ ಇದು, ರಾಶಿ ಅಡಿಕಿ ತಿನ್ನಾಕ ಹತ್ತೀರಲ್ಲ?” ಎಂದು ಕೇಳಿದ.

“ವ್ಯಾಪಾರ ಅಂದ್ರಲ್ಲ ಸಾಹುಕಾರ್ರೇ” ಎಂದೆ ನಾನು. “ದುಡ್ಡು ಕೊಟ್ಟು ಒಡಕು ಯಾರು ತಗೊಳ್ತಾರೆ?”

ವಖಾರಿಗೆ ವಖಾರಿಯೇ ನಕ್ಕಿತು. ಅವನ ಮುಖ ಒಮ್ಮೆ ಕೆಂಪಾಯಿತು, ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ವ್ಯಾಪಾರಿಯ ಮಗ, ಲೆಕ್ಕ ಅವನಿಗೂ ಗೊತ್ತಾಗುತ್ತದೆ. ಆ ಬಟವಾಡೆಗೆ ಗಾದಿಯ ಮೇಲಿಂದಲೇ ಹೇಳಿದ: “ಇನ್ನ ಮುಂದ ಕವಳದ ವಜಾ ಇಲ್ಲ. ಮುರದದ್ದನ್ನೂ ರೈಟರು ವಾಪಸ್ ಕೊಡ್ತಾರ. ಮೊದಲಿನಂಗ ಒಡಕು ತಿನ್ರಿ. ರಾಶಿಗೆ ಕೈ ಹಚ್ಚಬ್ಯಾಡ್ರಿ.”

ನಮಗೆ ಸ್ವರ್ಗಕ್ಕೆ ಮೂರೇ ಗೇಣು. ಪೂರ್ತಿ ಕೂಲಿಯನ್ನು ಸೆರಗಿಗೆ ಕಟ್ಟಿಕೊಂಡು ನಾನು ಸಂತೆಗೆ ಏನೇನು ತರಬೇಕೆಂದು ಯೋಚಿಸುತ್ತಾ ಹೊರಗೆ ಬಂದೆ. ಸಿದ್ದಾಪುರದ ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ವಾಪಸು ಬಂದ ದುಡ್ಡು ಅಂಗೈಯಲ್ಲೇ ಇತ್ತು.

“ಗೆದ್ವಲ್ಲೇ ಅಕ್ಕಾ. ಮುಖ ಎಂತಕ್ಕೆ ಹಾಂಗೆ ಮಾಡ್ಕಂಡಿದ್ದೆ?”

“ಗೆದ್ದಿದ್ದು ಹೌದು” ಎಂದಳು. “ಇನ್ನು ಯಾವ ನೆವ ಹೇಳಿ ತಿಂಬದೇ?”

ಪುಕ್ಕಟೆ ಸಿಗುವ ಒಡಕನ್ನು ಅವಳು ತಿನ್ನುವ ಹಾಗಿರಲಿಲ್ಲ. ಅದನ್ನು ತಿಂದರೆ ಆಸೆಗೆ ತಿಂದ ಹಾಗೆ. ನೆವ ಬೇಕಾದದ್ದು ಮೈದುನನಿಗೋ, ದೇವರಿಗೋ, ಸತ್ತ ಗಂಡನಿಗೋ, ನಾನು ಕೇಳಲಿಲ್ಲ.

ಅವಳೇ ಎದ್ದು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಗಾದಿಯ ಮುಂದಿನ ಹಲಗೆಯ ಮೇಲೆ ಎರಡಾಣೆ ಇಟ್ಟು, “ಎನ್ನದೊಂದು ಮುರ್ಕಳಿ ಸಾಹುಕಾರ್ರೇ” ಎಂದಳು.

“ವಜಾ ಇಲ್ಲ ಅಂತ ಈಗಷ್ಟ ಹೇಳಿದೆನಲ್ರಿ ಅಕ್ಕಾರ?”

“ಎಲ್ಲರದ್ದೂ ಬೇಡ. ಎನ್ನದೊಂದು ಇರ್ಲಿ.”

ಅವನು ಅವಳ ಮುಖ ನೋಡಿದ. ನನ್ನ ಮುಖ ನೋಡಿದ. ಏನಾದರೂ ಕುಚೋದ್ಯ ಮಾಡಿದರೆ ಬಿಡಬಾರದು ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ. ಅವನು ನಾಣ್ಯ ತೆಗೆದು ಪೆಟ್ಟಿಗೆಗೆ ಹಾಕಿಕೊಂಡ.

ನಾನು ಆ ವಖಾರಿಯಲ್ಲಿದ್ದಷ್ಟು ಕಾಲವೂ ಪ್ರತಿ ಬಟವಾಡೆಗೆ ಅವಳೊಬ್ಬಳ ಕೂಲಿಯಲ್ಲಿ ಎರಡಾಣೆ ಮುರಿಯುತ್ತಲೇ ಇತ್ತು. ಪ್ರತಿ ಬೆಳಿಗ್ಗೆ ಅವಳು ನಮಗೆಲ್ಲ ಕವಳ ಕಟ್ಟಿಕೊಟ್ಟು, ರಾಶಿಯಿಂದ ಒಂದು ಅಡಿಕೆ ಆರಿಸಿ, ತನ್ನದೊಂದನ್ನು ಕೊನೆಗೆ ಕಟ್ಟಿಕೊಳ್ಳುತ್ತಿದ್ದಳು. ಅದು ಕಾನೂನಿನಲ್ಲಿ ಇಲ್ಲದ ವಜಾ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಿಲ್ಲಿಸಿ ಎಂದು ನಮ್ಮಲ್ಲಿ ಒಬ್ಬಳೂ ಬಾಯಿ ತೆರೆಯಲಿಲ್ಲ.